ಹಿರಿಯರ ಸಾಲಿನಲ್ಲಿ ಕ್ಯಾಮೆರಾ

ನಡೆದದ್ದು ಇಷ್ಟೇ: ಗೋಡೆಗೆ ಶೃಂಗಾರ ಮಾಡಲು ಹೋಗಿ ನಾನು ಬದುಕಿದ್ದ ಗಂಡನನ್ನು ಸತ್ತವರ ಸಾಲಿಗೆ ಸೇರಿಸಿದೆ. ಇದರಲ್ಲಿ ಗ್ರಹಚಾರವೂ ಇಲ್ಲ, ಯಾರ ಕೆಟ್ಟ ಕಣ್ಣೂ ಇಲ್ಲ. ಸೊಸೆ ಕವಿತಾ ಇವತ್ತಿಗೂ “ಅವತ್ತು ಅಮಾಸಿ ಇತ್ತಲ್ರಿ ಅತ್ತಿ, ಅದಕ್ಕ ಹಂಗಾತು” ಎನ್ನುತ್ತಾಳೆ. ಅಮಾವಾಸ್ಯೆ ತಾನೇ ಬಂದು ಮೊಳೆಗೆ ಹಲಗೆ ತೂಗುಹಾಕುವುದಿಲ್ಲ. ಹಾಕಿದವಳು ನಾನು. ಕೈಗೆ ಕೆಲಸವಿಲ್ಲದ ಮುದುಕಿಯರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನನ್ನು ತೋರಿಸಬಹುದು. ಕೆಲವರು ಭಜನೆಗೆ ಹೋಗುತ್ತಾರೆ, ಕೆಲವರು ಸೊಸೆಯ ತಪ್ಪು ಹುಡುಕುತ್ತಾರೆ. ಭಜನೆಗೆ ನನ್ನ ದನಿ ಆಗುವುದಿಲ್ಲ ಎಂದು ಭಜನೆಯವರೇ ಹೇಳಿದರು. ಸೊಸೆಯ ತಪ್ಪುಗಳನ್ನು ನಾನು ಮೊದಲ ವರ್ಷದಲ್ಲೇ ಹುಡುಕಿ ಮುಗಿಸಿದ್ದೆ. ಉಳಿದದ್ದು ಕಲೆ. ಅದಕ್ಕೆ ಕೈ ಹಾಕಿದೆ.

ಹಾನಗಲ್ಲಿನಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು. ನಮ್ಮ ಮನೆಯವರನ್ನು ಊರೆಲ್ಲ ಫೋಟೋ ಮಾಸ್ತರು ಎನ್ನುತ್ತದೆ. ಅವರ ಹೆಸರನ್ನು ನಾನು ಹೇಳುವುದಿಲ್ಲ; ಹೇಳಿ ರೂಢಿಯಿಲ್ಲ, ಈ ವಯಸ್ಸಿನಲ್ಲಿ ರೂಢಿ ಮಾಡಿಕೊಳ್ಳುವ ಹುರುಪೂ ಇಲ್ಲ. ಅವರು ಕ್ಯಾಮೆರಾದ ಹಿಂದೆ ನಿಂತರೆ ನಾನು ಮುಂದೆ. ಬಂದವರಿಗೆ ಪೌಡರ್ ಹಚ್ಚುವುದು, ಬೈತಲೆ ತಿದ್ದುವುದು, ಗದ್ದ ಹಿಡಿದು ಎತ್ತುವುದು, ಸೀರೆಯ ನಿರಿಗೆ ಕೂಡಿಸುವುದು ನನ್ನ ಕೆಲಸ. ವರನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಲು ಬಂದ ಹುಡುಗಿಯರಿಗೆ “ನಗಬ್ಯಾಡ, ಹಲ್ಲು ಕಾಣ್ತಾವು, ಲಗ್ನ ಆದ್ಮ್ಯಾಲ ಬೇಕಾದಷ್ಟು ನಗು” ಎಂದು ಹೇಳುತ್ತಿದ್ದೆ. ಲಗ್ನವಾದ ಮೇಲೆ ಅವರು ಎಷ್ಟು ನಕ್ಕರೋ ಗೊತ್ತಿಲ್ಲ. ಮಂದಿಯ ಕೈಗೆಲ್ಲ ಫೋನು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಅವರು ಕ್ಯಾಮೆರಾಗಳನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ತುಂಬಿ ತಂದು ಮಂಚದ ಕೆಳಗೆ ತಳ್ಳಿದರು. ಒಂದರ ಕಾಚು, ಅಂದರೆ ಮುಂದಿನ ಗಾಜು, ಒಡೆದಿತ್ತು, ಒಂದರೊಳಗೆ ಬೂಜು ಬೆಳೆದಿತ್ತು, ಒಂದರ ಗುಂಡಿ ಒತ್ತಿದರೆ ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. “ಹುಬ್ಬಳ್ಳಿಗೆ ಒಯ್ದು ರಿಪೇರಿ ಮಾಡಿಸ್ಬೇಕು” ಎಂದು ಪ್ರತಿ ದಸರೆಗೆ ಹೇಳುತ್ತಿದ್ದರು. ಹುಬ್ಬಳ್ಳಿ ಇದ್ದಲ್ಲೇ ಇತ್ತು, ಪೆಟ್ಟಿಗೆಯೂ ಇದ್ದಲ್ಲೇ ಇತ್ತು. ಕಸ ಹೊಡೆಯುವಾಗ ನನ್ನ ಕಾಲ್ಬೆರಳಿಗೆ ಅದರ ಮೂಲೆ ತಪ್ಪದೆ ತಾಗುತ್ತಿತ್ತು.

ಈ ಮನುಷ್ಯನಿಗೆ ಒಂದು ಹಟ. ಸುತ್ತಿನ ತಾಲೂಕುಗಳ ಅರ್ಧ ಮಂದಿಯ ಮುಖ ತೆಗೆದವರು ತಮ್ಮ ಮುಖವನ್ನು ಮಾತ್ರ ಯಾರ ಕೈಗೂ ಕೊಟ್ಟಿಲ್ಲ. ಬೇರೆಯವರಿಗೆ ಬೆಳಕು ತಿಳಿಯುವುದಿಲ್ಲವಂತೆ. ನಮ್ಮ ಮದುವೆಗೆ ಸವಣೂರಿನಿಂದ ಫೋಟೋದವನನ್ನು ಕರೆಸಿದ್ದರು. ಅಕ್ಷತೆ ಬೀಳುವ ಹೊತ್ತು. “ಅಲ್ಲೆಲ್ಲಿ ನಿಂತೀಯೋ ತಮ್ಮಾ, ಬೆಳಕು ಹಿಂದ ಬಿತ್ತಲ್ಲ” ಎನ್ನುತ್ತ ಇವರು ಬಾಸಿಂಗ ಕಟ್ಟಿಕೊಂಡೇ ಎದ್ದು ಹೋದರು. ಅವನು ಗಾಬರಿಯಾಗಿ ಗುಂಡಿ ಒತ್ತಿದ. ನಮ್ಮ ಮದುವೆಯ ಫೋಟೋದಲ್ಲಿ ನಾನಿದ್ದೇನೆ, ನನ್ನ ಪಕ್ಕದಲ್ಲಿ ಒಂದು ಖಾಲಿ ಮಣೆ ಇದೆ. ಸಂಸಾರ ಹೇಗೆ ನಡೆಯುತ್ತದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ಮೊಮ್ಮಗಳು ಸಿಂಚನಾ ಫೋನು ಎತ್ತಿದರೆ ಇವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಆಧಾರ್ ಕಾರ್ಡಿನಲ್ಲಿ ಒಂದು ಮುಖವಿದೆ, ನಿಜ. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರೆ ಸಾಲಿನಲ್ಲಿರುವ ಹಿರಿಯರು ಇಳಿದು ಹೋಗುತ್ತಾರೆ.

ಸಾಲು ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ನಮ್ಮ ಪಡಸಾಲೆಯ ಗೋಡೆ ಕಲ್ಲಿನದು. ಮೊಳೆ ಬಡಿದರೆ ಮೊಳೆಯೇ ಡೊಂಕಾಗುತ್ತದೆ. ಅದಕ್ಕೇ ಮಾವನವರು ಮನೆ ಕಟ್ಟಿಸುವಾಗಲೇ ಕಲ್ಲಿನ ಸಂದಿಯಲ್ಲಿ ಕಟ್ಟಿಗೆ ಹುಗಿಸಿ ಒಂದು ಸಾಲು ಮೊಳೆ ಹೊಡೆಸಿದ್ದರು. ಮೊದಲು ಅವುಗಳಿಗೆ ಅಂಗಿ, ಟೊಪ್ಪಿಗೆ ನೇತಾಡುತ್ತಿದ್ದವು. ಆಮೇಲೆ ಅವುಗಳನ್ನು ಹಾಕಿಕೊಳ್ಳುತ್ತಿದ್ದವರೇ ಒಬ್ಬೊಬ್ಬರಾಗಿ ನೇತಾಡತೊಡಗಿದರು. ಮೊದಲು ಮಾವ, ಆಮೇಲೆ ಅತ್ತೆ, ಆಮೇಲೆ ದೊಡ್ಡ ಭಾವ. ಎಲ್ಲ ನಮ್ಮ ಮನೆಯವರೇ ತೆಗೆದ ಫೋಟೋಗಳು. ಭಾವನವರ ಪಕ್ಕದ ಮೊಳೆ ಖಾಲಿ. ಅದು ಯಾರದೆಂದು ಯಾರೂ ಬಾಯಿ ಬಿಟ್ಟು ಹೇಳಿಲ್ಲ, ಆದರೆ ಅದಕ್ಕೆ ಯಾರೂ ಒಂದು ಕೈಚೀಲವನ್ನೂ ಸಿಕ್ಕಿಸುವುದಿಲ್ಲ. ನಾನು ಒಮ್ಮೆ ಊಟಕ್ಕೆ ಬಡಿಸುತ್ತ ಹೇಳಿಯೇ ಬಿಟ್ಟೆ: “ಒಂದ್ ಫೋಟೋ ತಗಿಸ್ಕೋರಿ. ನಾಳೆ ಹೆಚ್ಚುಕಮ್ಮಿ ಆದ್ರ ಗ್ವಾಡಿಗೆ ಏನ್ ಹಾಕ್ಲಿ?”

“ಮೊದ್ಲ ಸಾರ್ ಹಾಕು” ಎಂದರು.

ಹೀಗಿರುವಾಗ ಸಿಂಚನಾ ನನ್ನನ್ನು ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಸಿಮೆಂಟಿನ ಹೆಂಗಸರು ರೊಟ್ಟಿ ಬಡಿಯುತ್ತಾರೆ, ಸಿಮೆಂಟಿನ ಗಂಡಸರು ಕಟ್ಟೆಯ ಮೇಲೆ ಕೂತು ಸುಮ್ಮನೆ ಹರಟುತ್ತಾರೆ. ಮಂದಿ ಟಿಕೀಟು ತೆಗೆದು ಬಂದು ಅವರ ಮುಂದೆ ನಿಂತು ಬೆರಗಾಗುತ್ತಾರೆ. ನಾನು ಜನ್ಮವೆಲ್ಲ ರೊಟ್ಟಿ ಬಡಿದೆ, ಒಬ್ಬರೂ ನಿಂತು ನೋಡಲಿಲ್ಲ. ಆ ಸಿಮೆಂಟಿನವಳ ರೊಟ್ಟಿ ನೋಡಿದರೆ ಅಂಚು ದಪ್ಪ, ಬೇಯುವ ರೊಟ್ಟಿಯಲ್ಲ ಅದು. ನಾನು ಹಾಗೆ ಅಂದದ್ದಕ್ಕೆ ಸಿಂಚನಾ “ಅಜ್ಜಿ, ಅದು ಕಲಾ. ರುಚಿ ನೋಡೂದಲ್ಲ” ಎಂದಳು. ಬರುವಾಗ ಬಸ್ಸಿನಲ್ಲಿ ಫೋನು ತೆರೆದು ಇನ್ನೊಂದು ಕಲೆ ತೋರಿಸಿದಳು. ಯಾರೋ ಕೆಟ್ಟುಹೋದ ಹಳೆಯ ಕ್ಯಾಮೆರಾಗಳನ್ನು ಬಿಚ್ಚಿ, ಬಣ್ಣ ಬಳಿದು, ಹಲಗೆಗೆ ಅಂಟಿಸಿ ಗೋಡೆಗೆ ಹಾಕಿದ್ದರು. ನೋಡಿದವರೆಲ್ಲ ಅದರ ಕೆಳಗೆ ಹೃದಯದ ಚಿತ್ರ ಒತ್ತಿದ್ದರು. “ನಮ್ಮನ್ಯಾಗೂ ಪೆಟ್ಟಿಗಿ ತುಂಬ ಅದಾವಲ್ಲ ಅಜ್ಜಿ!” ಎಂದಳು. ನನಗೆ ಮೊದಲು ನೆನಪಾದದ್ದು ನನ್ನ ಕಾಲ್ಬೆರಳು. ಪೆಟ್ಟಿಗೆ ಖಾಲಿಯಾಗುತ್ತದೆ, ಹೆಸರೂ ಬರುತ್ತದೆ. ಶಿಗ್ಗಾವಿ ದಾಟುವುದರೊಳಗೆ ನಾನು ಕಲಾವಿದೆಯಾಗಿದ್ದೆ.

ಕೇಳದೆ ಮಾಡಿದೆ ಎಂದು ಯಾರೂ ತಿಳಿಯಬಾರದು. ಕೇಳಿದೆ. “ಆ ಕ್ಯಾಮೆರಾ ಗ್ವಾಡಿಗೆ ಹಾಕ್ತೇನ್ರಿ” ಎಂದೆ. ಪೇಪರಿನ ಹಿಂದಿನಿಂದ “ಹೂಂ” ಎಂದು ಬಂತು. ಆ ‘ಹೂಂ’ ಅವರು ಎಲ್ಲದಕ್ಕೂ ಅನ್ನುತ್ತಾರೆ. ಮಗನ ಲಗ್ನ ನಿಶ್ಚಯವಾದದ್ದೂ ಅದೇ ಹೂಂನಿಂದ. ಮರುದಿನ ಅವರು ಯಲವಿಗಿಯಲ್ಲಿರುವ ತಂಗಿಯ ಮನೆಗೆ ಹೋದರು. ಅಲ್ಲಿಗೆ ಹೋದರೆ ಬೇಗ ಬರುವವರಲ್ಲ. ಸ್ಟೇಶನ್ನಿಗೆ ಹೋಗಿ ಕೂತು, ಬಂದುಹೋಗುವ ಗಾಡಿ ನೋಡುವುದೊಂದು ಚಟ. ನಾನು ಪೆಟ್ಟಿಗೆ ಎಳೆದೆ.

ಕ್ಯಾಮೆರಾ ಬಿಚ್ಚುವುದು ಬದನೆಕಾಯಿ ಹೆಚ್ಚಿದಂತಲ್ಲ. ನನಗಿರುವುದು ನಾಲ್ಕನೇ ಇಯತ್ತೆಯ ವಿದ್ಯೆ ಮತ್ತು ಹೊಲಿಗೆ ಮಿಷಿನ್ನಿನ ಸ್ಕ್ರೂಡ್ರೈವರು. ಒಂದು ಸ್ಪ್ರಿಂಗು ಜಿಗಿದದ್ದು ಎಲ್ಲೂ ಸಿಗಲಿಲ್ಲ. ಮಧ್ಯಾಹ್ನ ಮಗ ರೊಟ್ಟಿ ಮುರಿದಾಗ ಸಿಕ್ಕಿತು. ಮುರಿದ ಕಪಾಟಿನ ಬಾಗಿಲೊಂದಿತ್ತು, ಅದೇ ಹಲಗೆ. ಬಣ್ಣಕ್ಕೆ ಪೇಟೆಗೆ ಹೋಗಲಿಲ್ಲ. ಹಿರೇಕೆರೂರಿನ ನನ್ನ ತಮ್ಮ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದ ಬಂಗಾರದ ಬಣ್ಣವನ್ನು ನನಗೆ ಕೊಟ್ಟಿದ್ದ. ನಮ್ಮಲ್ಲಿ ಎತ್ತಿಲ್ಲ, ಆದರೂ ಪುಕ್ಕಟೆ ಬಂದದ್ದನ್ನು ಬೇಡ ಎನ್ನುವುದು ನನಗೆ ಬರುವುದಿಲ್ಲ. ನಿರಿಗೆ ನಿರಿಗೆಯಾಗಿ ಮುಂದೆ ಚಾಚುವ ಚೀಲವಿದ್ದ ದೊಡ್ಡ ಕ್ಯಾಮೆರಾವನ್ನು ನಡುವೆ ಇಟ್ಟೆ. ಅದರ ಕಾಚು ಒಡೆದಿತ್ತು, ಬಾಯಿ ಬೊಚ್ಚಾಗಿ ಕಾಣುತ್ತಿತ್ತು. ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತಂದು ಹಿಡಿದರೆ, ಅದಕ್ಕೆಂದೇ ಮಾಡಿದಂತೆ ಕೂತಿತು. ಸುತ್ತಲೂ ಸಣ್ಣವು. ಬಿಚ್ಚಿದ ರೀಲನ್ನು ಬಾಗಿಲ ತೋರಣದಂತೆ ಕೆಳಗೆ ಇಳಿಬಿಟ್ಟೆ. ಅಂಟಿನ ಘಾಟಿಗೆ ನನ್ನ ಕಣ್ಣು ಕೆಂಪಾಗಿ ಊದಿಕೊಂಡವು. ಕವಿತಾ ನೋಡಿ “ಬಾಳ ಚೊಲೊ ಕಾಣ್ತೈತ್ರಿ ಅತ್ತಿ” ಎಂದಳು. ಆಕೆ ಬುದ್ಧಿವಂತೆ, ನಾನು ಮಾಡಿದ ಯಾವುದಕ್ಕೂ ಹಾಗೆಯೇ ಅನ್ನುತ್ತಾಳೆ.

ಇನ್ನು ತೂಗುಹಾಕಬೇಕು. ಎದುರು ಗೋಡೆಗೆ ಮೊಳೆ ಬಡಿದೆ, ಡೊಂಕಾಯಿತು. ಇನ್ನೊಂದು ಬಡಿದೆ, ಹೆಬ್ಬೆರಳಿಗೆ ಬಿತ್ತು. ಭಾರದ ಹಲಗೆ ಕೈಯಲ್ಲಿತ್ತು, ಗಟ್ಟಿ ಮೊಳೆ ಕಣ್ಣ ಮುಂದಿತ್ತು. ಮೊಳೆ ಮೊಳೆಯೇ ಅಲ್ಲವೇ ಎಂದುಕೊಂಡೆ. ಮಾವ, ಅತ್ತೆ, ಭಾವ, ಆಮೇಲೆ ಕ್ಯಾಮೆರಾ. ದೂರ ನಿಂತು ನೋಡಿದೆ. ಸಾಲು ತುಂಬಿದಂತಾಗಿ ಬಹಳ ಲಕ್ಷಣವಾಗಿ ಕಂಡಿತು.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಹಿರಿಯರ ಫೋಟೋ ಒರೆಸಿ, ವಿಭೂತಿ ಹಚ್ಚಿ, ಹೂವು ಏರಿಸುವುದು ನಮ್ಮಲ್ಲಿ ಪದ್ಧತಿ. ಕವಿತಾ ನಸುಕಿನಲ್ಲೇ ಮೈತೊಳೆದು, ಒಲೆಯ ಮೇಲಿನ ಹಾಲಿನ ಕಡೆಗೆ ಒಂದು ಕಣ್ಣಿಟ್ಟು, ನನ್ನ ಮಾವನಿಂದ ಹಿಡಿದು ಮೂರು ಬೆರಳು ವಿಭೂತಿ ಎಳೆಯುತ್ತ ಹೋದಳು. ನಾಲ್ಕನೆಯದಕ್ಕೂ ಎಳೆದಳು. ಉಪ್ಪಿನಕಾಯಿ ಮುಚ್ಚಳದ ಮೇಲೆ ಮೂರು ಬಿಳಿ ಗೆರೆ, ಸುತ್ತ ಚೆಂಡುಹೂವಿನ ಮಾಲೆ. ಆಮೇಲೆ ಕೇಳಿದರೆ “ಸಾಲಿನ್ಯಾಗ ಇತ್ತಲ್ರಿ ಅತ್ತಿ, ಹಚ್ಚಿದೆ” ಎಂದಳು. ನಾನು ಎದ್ದು ನೋಡಿದಾಗ ನನಗೇನೂ ತಪ್ಪೆನಿಸಲಿಲ್ಲ. ಮಾಲೆಯಿಂದ ಕಲೆಗೆ ಇನ್ನಷ್ಟು ಕಳೆ ಬಂದಿದೆ ಎಂದುಕೊಂಡು ಬಾಗಿಲನ್ನು ಪೂರ್ತಿ ತೆರೆದಿಟ್ಟೆ, ಹೋಗಿಬರುವವರಿಗೆ ಕಾಣಲಿ ಎಂದು.

ಮೊದಲು ಬಂದವಳು ಪಕ್ಕದ ಮನೆಯ ಗಂಗವ್ವ, ಹಾಲಿಗೆ ಹೆಪ್ಪು ಕೇಳಲು. ಹೊಸ್ತಿಲಲ್ಲಿ ನಿಂತು ಗೋಡೆ ನೋಡಿದಳು. ನನ್ನ ಕೆಂಪು ಕಣ್ಣು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೆಪ್ಪನ್ನೂ ಒಯ್ಯದೆ ಹಾಗೆಯೇ ಹೊರಟುಹೋದಳು. ಗಂಗವ್ವನ ಬಾಯಿ ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ಕೈಯಲ್ಲಿ ಇಂಥ ಗುಣವಿದೆಯೆಂದು ಗೊತ್ತಿದ್ದರೆ ಇಷ್ಟು ವರ್ಷ ರೊಟ್ಟಿ ಬಡಿಯುತ್ತ ಕೂರುತ್ತಿರಲಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಗೌಸಸಾಬರು ಬಂದರು. ಅವರು ಸವಣೂರಿನಿಂದ ವೀಳ್ಯದೆಲೆ ತಂದು ಹಾನಗಲ್ಲಿನಲ್ಲಿ ಮಾರುವವರು, ನಮ್ಮ ಮನೆಯವರ ಹಳೆಯ ದೋಸ್ತ. ಚಪ್ಪಲಿ ಬಿಟ್ಟು ಒಳಗೆ ಬಂದು, ಹಲಗೆಯ ಮುಂದೆ ತಲೆ ತಗ್ಗಿಸಿ ನಿಂತರು. ಮುಸಲ್ಮಾನರಲ್ಲೂ ಕಲೆ ತಿಳಿದವರಿದ್ದಾರೆ ಎಂದು ನನಗೆ ಸಂತೋಷವಾಯಿತು.

“ಎಷ್ಟ್ ಲಗೂ ಆಗಿಹೋತ್ರಿ ಅಕ್ಕಾರ” ಎಂದರು.

“ಲಗೂ ಎಲ್ಲೀದು ಸಾಬ್ರ, ಮೈ ಮುರದು ಮಾಡೇನಿ. ಎಲ್ಲಾ ನನ್ನ ಕೈಯಾರೆ” ಎಂದೆ.

ಗೌಸಸಾಬರು ಎರಡು ಹೆಜ್ಜೆ ಹಿಂದೆ ಸರಿದು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ಅವರ ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತರು, ಆಮೇಲೆ ಮತ್ತೊಬ್ಬರು. ಎಲ್ಲರೂ ಒಳಗೆ ಬಂದು ಕೈ ಮುಗಿದು ಹೋಗಿ ಕಟ್ಟೆ ಸೇರುವವರೇ. ನಾನು ಚಹಾ ಮಾಡಿಸಿದೆ. “ಈಗ ಬ್ಯಾಡ್ರಿ” ಎಂದರು. ಹಾನಗಲ್ಲಿನಲ್ಲಿ ಬಿಸಿ ಚಹಾ ಬೇಡ ಎನ್ನುವವರನ್ನು ನಾನು ಕಂಡದ್ದು ಅದೇ ಮೊದಲು. ಕಲೆಗೆ ಇಷ್ಟು ಶಕ್ತಿ ಇದೆಯೇ ಎಂದು ನನಗೇ ಸ್ವಲ್ಪ ಹೆದರಿಕೆಯಾಯಿತು. ಕಪ್ಪುಗಳನ್ನು ಒಳಗೆ ಒಯ್ಯುವಾಗ ಶಿಗ್ಗಾವಿಯ ನಿಂಗಪ್ಪನ ಮಾತು ಕಿವಿಗೆ ಬಿತ್ತು. ಪೇಟೆಗೆ ಭತ್ತ ತಂದವನು ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ ಕೇಳಿ ಬಂದಿದ್ದನಂತೆ.

“ಮಾಸ್ತರ ಕೈ ಚೊಲೊ, ಬಾಯಿ ಕೆಟ್ಟ” ಎನ್ನುತ್ತಿದ್ದ. “ನನ್ನ ಲಗ್ನದ ಒಂದ್ ಫೋಟೋದಾಗೂ ನನ್ನ ಕಣ್ಣು ತಗದಿಲ್ಲ. ಎಲ್ಲಾ ಮುಚ್ಯಾವು. ಹ್ವಾದೋರ ಬಗ್ಗೆ ಅನಬಾರ್ದು ಖರೆ, ಆದ್ರ ಮುಚ್ಯಾವು.”

ಹೋದವರು? ಯಾರು ಹೋದವರು? ಕಪ್ಪುಗಳನ್ನು ಅಲ್ಲೇ ಇಟ್ಟೆ. ಬಾಗಿಲಿಗೆ ಬಂದೆ. ಅದೇ ಹೊತ್ತಿಗೆ ಸವಣೂರಿನ ಬಸ್ಸಿಳಿದು, ಕುರುಕಲು ಖಾರದ ಪೊಟ್ಟಣವಿದ್ದ ಚೀಲ ಹಿಡಿದು ನಮ್ಮ ಮನೆಯವರು ಓಣಿ ತಿರುಗಿ ಬಂದರು. ಕಟ್ಟೆಯ ತುಂಬ ಮಂದಿ ನೋಡಿ ನಡಿಗೆ ನಿಧಾನ ಮಾಡಿದರು. ಟೊಪ್ಪಿಗೆ ತೆಗೆದರು. ತಲೆ ತಗ್ಗಿಸಿ ಬಂದು ಗೌಸಸಾಬರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ದನಿ ತಗ್ಗಿಸಿ ಕೇಳಿದರು: “ಯಾರ್ ಹೋಗ್ಯಾರೋ?”

ಗೌಸಸಾಬರು ತಿರುಗಿ ನೋಡಿದವರು “ಯಾ ಅಲ್ಲಾ” ಎಂದು ಕಟ್ಟೆಯಿಂದ ಜಾರಿದರು. ನಿಂಗಪ್ಪ ಎದ್ದು ನಿಂತ.

“ನೀವರಿ” ಎಂದ.

“ಯಾರು, ನಾನ?”

“ಹೂನ್ರಿ. ನೀವ.”

“ಯಾವಾಗ?” ಎಂದರು ನಮ್ಮ ಮನೆಯವರು. ಆಮೇಲೆ ಸ್ವಲ್ಪ ಯೋಚಿಸಿ ನಿಂಗಪ್ಪನ ಕಡೆ ಬೆರಳು ತೋರಿಸಿದರು. “ಅದಿರ್ಲಿ. ಆ ಓಣ್ಯಾಗಿಂದ ಬರೂಮುಂದ ನಿನ್ನ ಕಣ್ಣಿನ ಮಾತಷ್ಟ ಕೇಳಿದ್ನಿ. ಕಣ್ಣು ತಗೀ, ಕಣ್ಣು ತಗೀ ಅಂತ ನಾ ಗಂಟಲು ಹರಕೊಂಡೆ. ಮದಲಿಂಗ ಆಗಿ ನೀ ಕುಂತಲ್ಲೇ ನಿದ್ದಿ ಹೊಡ್ಯಾಕತ್ತಿದ್ದಿ. ನಿಮ್ಮ ಮಾವ ಬಡದು ಎಬಿಸಿದ್ದು ಮರತಿ?”

ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗೌಸಸಾಬರು ಎದ್ದು ಮೈ ಕೊಡವಿಕೊಂಡು ಬಿಡಿಸಿ ಹೇಳಿದರು: “ಮಾಸ್ತರ, ನಿಮ್ಮದೊಂದ ಫೋಟೋ ಇಲ್ಲಂತ ಊರಿಗೆಲ್ಲಾ ಗೊತ್ತೈತಿ. ಹಿರ್ಯಾರ ಸಾಲಿಗೆ ಕ್ಯಾಮೆರಾ ಬಂದು ಕುಂತೈತಿ, ಹಾರ ಹಾಕ್ಯಾರ, ಅಕ್ಕಾರ ಕಣ್ಣು ಕೆಂಪ್ ಆಗ್ಯಾವು. ಮಾರಿ ಇಲ್ಲದ್ದಕ್ಕ ಕ್ಯಾಮೆರಾನ ಹಾಕ್ಯಾರ ಅಂತ ತಿಳಕೊಂಡ್ವಿ. ನಮ್ಮದೇನ್ ತಪ್ಪ್ರಿ?” ಅವರದೇನೂ ತಪ್ಪಿರಲಿಲ್ಲ. ಆರಿದ ಚಹಾ ಮತ್ತೆ ಕಾಯಿಸಿ ಕೊಟ್ಟೆ, ಕುಡಿದರು. ಖಾರದ ಪೊಟ್ಟಣವೂ ಖಾಲಿಯಾಯಿತು. ಗಂಗವ್ವ ಬಂದು ಹೆಪ್ಪು ಒಯ್ದಳು.

ಎಲ್ಲರೂ ಹೋದ ಮೇಲೆ ಅವರು ಹಲಗೆಯ ಮುಂದೆ ಬಂದು ನಿಂತರು. ಬೈಯಲಿ ಎಂದು ನಾನು ಕಾದೆ. ಬೈದರೆ ಉತ್ತರ ಕೊಡುವುದು ನನಗೆ ಬರುತ್ತದೆ. ಅವರು ಬೈಯಲಿಲ್ಲ.

“ಇದ್ಯಾವ ಬಣ್ಣ?”

“ಎತ್ತಿನ ಕೋಡಿಂದು.”

“ಈ ಕಾಚು?”

“ಉಪ್ಪಿನಕಾಯಿ ಡಬ್ಬಿ ಮುಚ್ಚಳ.”

“ಅಂದ್ರ, ನಾ ಹ್ವಾದ್ರ ಊರಾಗಿನ ಮಂದಿ ಮುಚ್ಚಳಕ್ಕ ಕೈ ಮುಗೀತಾರ.”

“ಇವತ್ತ ಮುಗದ್ರಲ್ಲ” ಎಂದೆ. ಅಂದ ಮೇಲೆ, ಅನ್ನಬಾರದಿತ್ತು ಎನಿಸಿತು. ಆದರೆ ಬಾಯಿಯಿಂದ ಬಿದ್ದದ್ದನ್ನು ಎತ್ತಿಕೊಳ್ಳುವುದು ನನಗೆ ಗೊತ್ತಿಲ್ಲ.

ಅವರು ತಮ್ಮ ಅಪ್ಪನ ಫೋಟೋ ನೋಡಿದರು, ಅವ್ವನದನ್ನು ನೋಡಿದರು, ಅಣ್ಣನದನ್ನು ನೋಡಿದರು. “ಇವ್ರನ್ನೆಲ್ಲಾ ನಾ ಚೊಲೊತ್ನಾಗಿ ಕುಂಡ್ರಿಸೇನಿ. ಅಪ್ಪನ ಮಾರಿಗೆ ಹೆಂಗ್ ಬೆಳಕು ಬಿದ್ದೈತಿ ನೋಡು. ನನ್ನ ಕುಂಡ್ರಸವ್ರು ಯಾರು?” ಎಂದರು. ಅದುವರೆಗೆ ಅವರು ಹೇಳುತ್ತಿದ್ದದ್ದು ಯಾರೂ ಇಲ್ಲ ಎಂದು. ಯಾರು ಎಂದು ಕೇಳಿದ್ದು ಅದೇ ಮೊದಲು.

“ನಾ ಕುಂಡ್ರಸ್ತೇನಿ” ಎಂದೆ.

“ನೀ ಪೌಡರ್ ಹಚ್ಚಾಕಿ.”

“ಆ ಪೌಡರ್ ಇಲ್ಲದಿದ್ರ ನಿಮ್ಮ ಫೋಟೋದಾಗಿನ ಮಂದಿ ಇದ್ದಿಲಿನಂಗ ಬರ್ತಿದ್ರು” ಎಂದೆ. ದಿನಾ ಪಡಸಾಲೆಯಲ್ಲಿ ಕೂತು ಉಣ್ಣುವವರು ಅವತ್ತು ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ಅರ್ಧ ರೊಟ್ಟಿ ಉಳಿಸಿದರು. ಮುನಿಸಿನಲ್ಲೂ ಪೂರ್ತಿ ಉಣ್ಣುವ ಮನುಷ್ಯ ಅದು. ತಾವು ಸತ್ತ ಸುದ್ದಿಗೆ ನಕ್ಕವರಿಗೆ ಈ ಮುಚ್ಚಳ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಅರ್ಥವಾಯಿತು. ತಡವಾಗಿಯಾದರೂ ಕೆಲವು ನನಗೆ ಅರ್ಥವಾಗುತ್ತವೆ.

ಮರುದಿನ ಬೆಳಿಗ್ಗೆ ನಾನು ಮೊದಲು ಹಲಗೆ ಇಳಿಸಿದೆ. ಬಾಗಿಲ ಬಳಿ ಕರೆಂಟಿನ ಮೀಟರಿಗೆ ಮಾಡಿದ ಕಟ್ಟಿಗೆಯ ಚೌಕಟ್ಟಿನ ಮೇಲೆ ನಿಲ್ಲಿಸಿದೆ. ಅಲ್ಲಿ ಅದಕ್ಕೆ ಯಾರೂ ಕೈ ಮುಗಿಯುವುದಿಲ್ಲ. ಆಮೇಲೆ ಕವಿತಾಳ ಫೋನು ಇಸಿದುಕೊಂಡು ಹಿತ್ತಲಿಗೆ ಹೋದೆ. ಅವರು ಕರಿಬೇವಿನ ಗಿಡದ ಹತ್ತಿರ ಸ್ಟೂಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ಬಾಯಿ ಮುಕ್ಕಳಿಸಲು ಹೇಳಿ, ಒಗೆದ ಅಂಗಿ ತೊಡಿಸಿದೆ. ತಲೆ ಬಾಚಿದೆ, ಗದ್ದ ಹಿಡಿದು ಎತ್ತಿದೆ, ಪೌಡರನ್ನೂ ಹಚ್ಚಿದೆ. ಬೇಡ ಎನ್ನಲಿಲ್ಲ. ಇಷ್ಟು ಸುಲಭವಿದ್ದರೆ ಮೊದಲೇ ಒಮ್ಮೆ ಸಾಯಿಸಬಹುದಿತ್ತು ಎಂದುಕೊಂಡೆ. ಫೋನು ಎತ್ತಿದ್ದೇ ತಡ, ಶುರುವಾಯಿತು. “ಅಲ್ಲೆಲ್ಲಿ ನಿಂತಿ, ಬೆಳಕು ಹಿಂದ ಬಿತ್ತು. ಎಡಕ್ಕ ಸರಿ. ಅದು ಎಡ ಏನು? ಕೈ ಯಾಕ ನಡಗಸ್ತಿ? ಉಸರು ಹಿಡಿ, ನೀ ಹಿಡಿ, ನಾ ಅಲ್ಲ!” ನಾನು ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಆಮೇಲೆ ನೋಡಿದರೆ ಎಲ್ಲದರಲ್ಲೂ ಬಾಯಿ ತೆರೆದಿದೆ, ಕೈ ಎತ್ತಿದೆ, ಬೆರಳು ನನ್ನ ಕಡೆಗಿದೆ. ಸುಮ್ಮನಿರುವ ಮುಖ ಒಂದೂ ಇಲ್ಲ. ಇದ್ದಿದ್ದರೂ ಅದು ಯಾರದೆಂದು ನಾನು ಗುರುತು ಹಿಡಿಯುತ್ತಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಒಂದರ ಮೇಲೆ ಬೆರಳಿಟ್ಟು “ಬೆಳಕು ಅಷ್ಟೇನ್ ಕೆಟ್ಟಿಲ್ಲ” ಎಂದರು. ರೊಟ್ಟಿ ಕೇಳಿದರು. ಎರಡು ರೊಟ್ಟಿ ಬಡಿದು ಕೊಟ್ಟು, ಫೋನು ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಪ್ರಿಂಟಿನ ಅಂಗಡಿಗೆ ಹೋದೆ. ಅಂಗಡಿಯವನು ಫೋಟೋ ದೊಡ್ಡದು ಮಾಡಿ ನೋಡಿ, “ಮೂಲ್ಯಾಗ ನಿಮ್ಮ ಬೆರಳು ಬಂದೈತಲ್ರಿ ಅಮ್ಮಾರ, ಬದನಿಕಾಯಿ ಹಂಗ ಕಾಣ್ತೈತಿ. ತಗದು ಬಿಡ್ಲಿ?” ಎಂದು ಕೇಳಿದ.

“ಇರ್ಲಿ ಬಿಡಪ್ಪ, ಫೋಟೋ ತಗದಾಕಿ ಯಾರಂತ ಗೊತ್ತಾಗಬೇಕಲ್ಲ” ಎಂದು ಹೇಳಿ, ಗಟ್ಟಿ ಕಟ್ಟು ಹಾಕಿಸಲು ಕೊಟ್ಟು ಬಂದೆ.